ನಿಂತು ಕಲಿತ ವಿದ್ಯೆ

ಸೀರೆ ಮಾರುವುದನ್ನು ಕಲಿಯಲು ಬೆಂಗಳೂರಿಗೆ ಹೊರಟಿದ್ದೇನೆ ಎಂದಾಗ ನನ್ನ ಸೋದರಮಾವ ಗಲ್ಲಾಪೆಟ್ಟಿಗೆಯ ಮೇಲೆ ಕೈಯೂರಿಕೊಂಡು ಬಹಳ ಹೊತ್ತು ನಕ್ಕರು. ನಕ್ಕದ್ದರಲ್ಲಿ ತಪ್ಪೇನೂ ಇರಲಿಲ್ಲ. ತಿಪಟೂರಿನ ಪೇಟೆಯಲ್ಲಿ ಅವರದು ಹಳೆಯ ಜವಳಿ ಅಂಗಡಿ; ಅವರ ತಂದೆಯೂ ಅದೇ ಗಾದಿಯ ಮೇಲೆ ಕುಳಿತು ಗಜಕಡ್ಡಿ ಹಿಡಿದವರು. "ಊಟ ಮಾಡೋದು ಕಲಿಸೋಕೂ ಒಂದು ಸ್ಕೂಲು ತೆಗೆದಿದ್ದಾರೇನೋ ವಿಚಾರಿಸು" ಎಂದರು. ನಾನು ಉತ್ತರ ಕೊಡಲಿಲ್ಲ. ಪಿ.ಯು.ಸಿ.ಯ ಲೆಕ್ಕಶಾಸ್ತ್ರದಲ್ಲಿ ಎರಡು ಸಲ ಮುಗ್ಗರಿಸಿದವನಿಗೆ ಎದುರುತ್ತರ ಕೊಡುವ ಹಕ್ಕು ಎಲ್ಲಿಯದು? ಮಾವನ ಅಂಗಡಿಯಲ್ಲಿಯೇ ಕೂರಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅಲ್ಲಿ ಕೂರಲು ಅವರ ಇಬ್ಬರು ಗಂಡುಮಕ್ಕಳಿದ್ದರು. ಕೊಳ್ಳಲು ಬರುವವರು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದರು.

ಅದು 2016. ಅದರ ಹಿಂದಿನ ವರ್ಷದ ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯನ್ನು ಆರಂಭಿಸಿತ್ತು. ಶುಲ್ಕವಿಲ್ಲದ ಶಿಕ್ಷಣ, ಕೊನೆಗೊಂದು ಪರೀಕ್ಷೆ, ಪಾಸಾದರೆ ಸರ್ಟಿಫಿಕೇಟು. ನಾನು ಸೇರಿದ ಕೋರ್ಸಿಗೆ 'ಸೇಲ್ಸ್ ಅಸೋಸಿಯೇಟ್' ಎಂದು ಹೆಸರು. ದೇಶದ ಕಸುಬುಗಳನ್ನೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಸರ್ಕಾರಿ ಪಟ್ಟಿಯಲ್ಲಿ ಅದು ನಾಲ್ಕನೆಯ ಮೆಟ್ಟಿಲು, ಕ್ಯಾಷಿಯರನದು ಮೂರನೆಯದು. ಇದನ್ನು ಕೇಳಿ ಮಾವ ನಿಜಕ್ಕೂ ನೊಂದುಕೊಂಡರು. ಗಲ್ಲಾದ ಮುಂದೆ ಕೂತವನಿಗಿಂತ ಸೀರೆ ಬಿಡಿಸಿ ತೋರಿಸುವವನು ಒಂದು ಮೆಟ್ಟಿಲು ಮೇಲೆ ಎನ್ನುವುದು ಅವರ ಎರಡು ತಲೆಮಾರಿನ ಶಾಸ್ತ್ರಕ್ಕೆ ವಿರುದ್ಧವಾಗಿತ್ತು.

ಶಿಕ್ಷಣ ನಡೆದದ್ದು ಒಂದು ಕಟ್ಟಡದ ಎರಡನೆಯ ಮಹಡಿಯಲ್ಲಿ. ಗೋಡೆಗೆ ಒಂದು ಕಪಾಟು, ಅದರ ತುಂಬ ಖಾಲಿ ಸೋಪಿನ ಡಬ್ಬಿ, ಖಾಲಿ ಟೂತ್‌ಪೇಸ್ಟಿನ ಡಬ್ಬಿ. ಅದೇ ನಮ್ಮ ಅಂಗಡಿ. ಒಬ್ಬರು ಗಿರಾಕಿಯಾಗುವುದು, ಒಬ್ಬರು ಮಾರುವವರಾಗುವುದು. ಮಕ್ಕಳು ಮಣ್ಣಿನಲ್ಲಿ ಅಡುಗೆಯಾಟ ಆಡುವ ಹಾಗೆ ಖಾಲಿ ಡಬ್ಬಿಗಳನ್ನು ಕೊಟ್ಟು ಇಲ್ಲದ ಹಣ ಎಣಿಸಿಕೊಂಡೆವು. ಮೊದಲ ವಾರವೆಲ್ಲ ನಗುವಿನ ಪಾಠ. ಹಲ್ಲು ಎಷ್ಟು ಕಾಣಬೇಕು, ತಲೆ ಎಷ್ಟು ಬಾಗಬೇಕು ಎಂದು ನಮ್ಮ ಉಪಾಧ್ಯಾಯಿನಿ ಕನ್ನಡಿ ಹಿಡಿದು ತೋರಿಸಿದರು. ನನಗೆ ನಗು ಬಂದದ್ದು ಪಾಠ ಮುಗಿದ ಮೇಲೆ.

ಆದರೆ ಸುಳ್ಳು ಹೇಳಬಾರದು, ಕಲಿತದ್ದೂ ಉಂಟು. ಕಣ್ಣಿನ ಮಟ್ಟದಲ್ಲಿಟ್ಟ ಸರಕೇ ಹೆಚ್ಚು ಖರ್ಚಾಗುತ್ತದೆ, ಮೊದಲು ಬಂದ ಮಾಲು ಮೊದಲು ಹೋಗಬೇಕು, 'ಬೇಕೇ?' ಎಂದು ಕೇಳಿದರೆ 'ಬೇಡ' ಎನ್ನುವುದು ಸುಲಭವಾದ್ದರಿಂದ 'ಯಾವ ಸಂದರ್ಭಕ್ಕೆ ಬೇಕು?' ಎಂದು ಕೇಳಬೇಕು. ಇವನ್ನೆಲ್ಲ ಮಾವ ಹುಟ್ಟಿನಿಂದಲೇ ಬಲ್ಲರು, ಆದರೆ ಒಂದನ್ನೂ ಬಾಯಿಬಿಟ್ಟು ಹೇಳಿದವರಲ್ಲ. ನಗರದಲ್ಲಿ ಯಾರಾದರೂ ನನಗೆ ಏನನ್ನಾದರೂ ಬಿಡಿಸಿ ಹೇಳಿಕೊಟ್ಟದ್ದು ಅದೇ ಮೊದಲು.

ಆಮೇಲೆ ಒಂದು ತಿಂಗಳು ದೊಡ್ಡದೊಂದು ಜವಳಿ ಮಳಿಗೆಯಲ್ಲಿ ಕೆಲಸದ ಅಭ್ಯಾಸ. ನಾಲ್ಕು ಅಂತಸ್ತು, ತಣ್ಣನೆಯ ಗಾಳಿ, ಕನ್ನಡಿಯಂತಹ ನೆಲ. ಕುರ್ಚಿಗಳಿದ್ದವು, ಗಿರಾಕಿಗಳಿಗೆ. ನಮ್ಮ ತಿಪಟೂರಿನ ಅಂಗಡಿಯಲ್ಲಿ ಗಾದಿಯ ಮೇಲೆ ಮಾವ, ಎದುರಿನ ಜಮಖಾನದ ಮೇಲೆ ಗಿರಾಕಿ. ಇಬ್ಬರೂ ಕೂತು ಮಾತಾಡಿದ್ದರ ನಡುವೆ ವ್ಯಾಪಾರ ಹುಟ್ಟುತ್ತಿತ್ತು. ಇಲ್ಲಿ ಬೆಳಗ್ಗೆ ಹತ್ತಕ್ಕೆ ನಿಂತವರು ಊಟದ ಅರ್ಧ ಗಂಟೆ ಬಿಟ್ಟರೆ ರಾತ್ರಿ ಎಂಟೂವರೆಯವರೆಗೆ ನಿಂತೇ ಇರಬೇಕು. ಗಿರಾಕಿ ಇಲ್ಲದಾಗಲೂ ಕೂರುವಂತಿಲ್ಲ, ಗೋಡೆಗೆ ಒರಗುವಂತಿಲ್ಲ. ನಾಲ್ಕನೆಯ ದಿನಕ್ಕೆ ನನ್ನ ಪಾದ ಚಪ್ಪಲಿಗೆ ಹಿಡಿಯದಾಯಿತು. ನನ್ನ ಪಕ್ಕದಲ್ಲಿ ನಿಲ್ಲುತ್ತಿದ್ದ, ನನ್ನ ತಾಯಿಯ ವಯಸ್ಸಿನ ಹೆಂಗಸೊಬ್ಬರು ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಯಾರಿಗೂ ಕಾಣದಂತೆ ದಾಟಿಸುವುದನ್ನು ಹೇಳಿಕೊಟ್ಟರು. ರಾತ್ರಿ ಬಿಸಿನೀರಿಗೆ ಉಪ್ಪು ಹಾಕಿ ಕಾಲಿಟ್ಟುಕೋ ಎಂದರು. ಈ ಪಾಠ ಕೋರ್ಸಿನ ಪುಸ್ತಕದಲ್ಲಿರಲಿಲ್ಲ.

ಕೋಳಿಕ್ಕೋಡಿನ ಅಂಗಡಿಗಳಲ್ಲಿ ದುಡಿಯುತ್ತಿದ್ದ ಹೆಂಗಸರು ಇದೇ ವಿಷಯಕ್ಕೆ ವರ್ಷಗಟ್ಟಲೆ ಹೋರಾಡಿದರೆಂದೂ, 2018ರಲ್ಲಿ ಕೇರಳ ಸರ್ಕಾರ ಅಂಗಡಿ ನೌಕರರಿಗೆ ಆಸನ ಕೊಡಬೇಕೆಂದು ಕಾಯಿದೆಯನ್ನು ತಿದ್ದಿತೆಂದೂ ಆಮೇಲೆ ಪತ್ರಿಕೆಯಲ್ಲಿ ಓದಿದೆ. 2021ರಲ್ಲಿ ತಮಿಳುನಾಡೂ ಹಾಗೆಯೇ ಮಾಡಿತು. ಒಂದು ಸ್ಟೂಲಿಗಾಗಿ ವಿಧಾನಸಭೆಯವರೆಗೆ ಹೋಗಬೇಕೆಂಬುದನ್ನು ಓದಿ ಹಲವರಿಗೆ ನಗು ಬಂದಿರಬಹುದು. ನನಗೆ ಬರಲಿಲ್ಲ.

ಮೂರನೆಯ ವಾರದಲ್ಲಿ ಒಬ್ಬ ತಾಯಿ, ಮಗಳು ಧಾರೆ ಸೀರೆ ನೋಡಲು ಬಂದರು. ಮಧ್ಯಮ ಬೆಲೆಯದನ್ನು ಮೊದಲು ಬಿಡಿಸು, ಅಲ್ಲಿಂದ ಮೇಲಕ್ಕೆ ಹತ್ತಿಸು ಎನ್ನುವುದು ನಮಗೆ ಕಲಿಸಿದ ಕ್ರಮ. ಹಾಗೆಯೇ ಹತ್ತಿಸುತ್ತ ಹೋದೆ. ಎಲೆಹಸಿರು ಒಡಲಿನ, ದೊಡ್ಡ ಅಂಚಿನ ಸೀರೆಯೊಂದು ಅವರ ಮುಂದೆ ಹರಡಿತು. ಬೆಲೆ ಆರು ಸಾವಿರದ ಎಂಟುನೂರು. ಮಾವ ಎಂದೂ ಗಿರಾಕಿಯ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. ಆ ತಾಯಿಯ ಕೈ ಸೀರೆಯನ್ನು ಸವರುತ್ತಿರಲಿಲ್ಲ. ಬೆಲೆ ಚೀಟಿಯನ್ನು ತಿರುಗಿಸುವುದು, ಬಿಡುವುದು, ಮತ್ತೆ ತಿರುಗಿಸುವುದು. ನನಗೆ ಏನೆನಿಸಿತೋ, ಅದನ್ನು ಮಡಿಸಿಟ್ಟು ಕೆಳಗಿನ ಸಾಲಿನಿಂದ ಎರಡು ಸಾವಿರದ ನಾನೂರರದೊಂದನ್ನು ತೆಗೆದು, "ಅಮ್ಮಾ, ಇದೂ ಧಾರೆಗೆ ಚೆನ್ನಾಗಿರುತ್ತೆ" ಎಂದೆ. ಆಕೆ ಒಂದೇ ಮಾತಿಗೆ ಒಪ್ಪಿದರು.

ಸೂಪರ್‌ವೈಸರ್ ದೂರದಿಂದ ಎಲ್ಲ ನೋಡಿದ್ದರು. "ಅವರು ಕೇಳಿದ್ರಾ? ಕೇಳ್ದೇನೇ ಯಾಕಯ್ಯ ಬಿಲ್ಲು ಇಳಿಸಿದೆ?" ಎಂದರು. ಕೇಂದ್ರಕ್ಕೆ ಹೋಗುವ ನನ್ನ ವರದಿಯಲ್ಲಿ 'ಮಾರಾಟ ಸಾಮರ್ಥ್ಯ ಸಾಲದು' ಎಂದು ಬರೆದು, ಉಳಿದ ದಿನಗಳಿಗೆ ನನ್ನನ್ನು ಕೆಳಗಿನ ಪಂಚೆ ವಿಭಾಗಕ್ಕೆ ಇಳಿಸಿದರು. ಪರೀಕ್ಷೆಯಲ್ಲಿ ನಾನು ಪಾಸಾದೆ. ಆ ಮಳಿಗೆ ಮಾತ್ರ ನನ್ನನ್ನು ಕೆಲಸಕ್ಕೆ ತೆಗೆದುಕೊಳ್ಳಲಿಲ್ಲ.

ಪಂಚೆ ವಿಭಾಗದಲ್ಲಿದ್ದಾಗಲೇ ಒಂದು ಮಧ್ಯಾಹ್ನ ಮಾವ ಬಂದರು. ಚಿಕ್ಕಪೇಟೆಗೆ ಸಗಟು ಖರೀದಿಗೆ ಬಂದವರು, ಹಾಗೆಯೇ ಅಳಿಯನನ್ನು ನೋಡಿಹೋಗೋಣವೆಂದು ಬಂದಿದ್ದರು. ಕುರ್ಚಿಯಲ್ಲಿ ಕೂತು ಸುತ್ತ ಕಣ್ಣಾಡಿಸಿ, "ಒಂದು ಪಂಚೆ ತೋರಿಸೋ" ಎಂದರು. "ಯಾವ ಸಂದರ್ಭಕ್ಕೆ ಬೇಕು?" ಎಂದೆ, ಅಭ್ಯಾಸಬಲದಿಂದ. "ಅಳಿಯನ್ನ ಮಾತಾಡಿಸೋ ಸಂದರ್ಭಕ್ಕೆ" ಎಂದರು.

ಪಂಚೆ ಬಿಡಿಸುತ್ತ, ತಗ್ಗಿದ ದನಿಯಲ್ಲಿ ಸೀರೆಯ ಕಥೆ ಹೇಳಿದೆ. ಭೇಷ್ ಎನ್ನುತ್ತಾರೆಂದು ಆಸೆ ಇತ್ತು. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಗಳ ಕೈ ಎಲ್ಲಿತ್ತು?" ಎಂದರು. ನನಗೆ ತಕ್ಷಣ ನೆನಪಾಯಿತು. ನಾನು ಮಡಿಸುತ್ತಿದ್ದಾಗ ಆ ಹುಡುಗಿಯ ಬೆರಳು ಎಲೆಹಸಿರು ಸೀರೆಯ ಅಂಚಿನ ಮೇಲೆಯೇ ಇತ್ತು, ನಾನೇ ಎಳೆದುಕೊಂಡಿದ್ದೆ.

"ನಾಲ್ಕು ಕೈ ಬಂದಿದ್ವು, ಎರಡು ನೋಡಿದೀಯ" ಎಂದರು ಮಾವ. "ಹೋಗ್ಲಿ ಬಿಡು, ಕೂತ್ಕೋ."

"ಕೂರೋ ಹಾಗಿಲ್ಲ ಮಾವ."

"ಈಗ ಯಾರೂ ಇಲ್ವಲ್ಲೋ."

"ಇಲ್ದಿದ್ರೂ."

ಮಾವ ನನ್ನ ಕಾಲು ನೋಡಿದರು. ಆಮೇಲೆ ಮಂಡಿಯ ಮೇಲೆ ಕೈಯೂರಿ ಎದ್ದು ನಿಂತರು. ಕುರ್ಚಿಯನ್ನು ಹಿಂದಕ್ಕೆ ಸರಿಸಿ, ಪಂಚೆಯನ್ನು ತಮ್ಮ ಮೊಳಕೈಯಿಂದ ಅಳೆದು, ಎಂಟು ಮೊಳ ಸರಿಯಾಗಿದೆಯೆಂದು ತಲೆಯಾಡಿಸಿದರು. ಅವರ ಸ್ವಂತ ಅಂಗಡಿಯಲ್ಲಿ ಅಂಥ ಪಂಚೆಗಳು ಒಂದು ಕಪಾಟಿನ ತುಂಬ ಇದ್ದವು. ಬಿಲ್ಲು ಕೊಡುವ ಕಡೆ ಉದ್ದ ಸಾಲು. ಪಕ್ಕದಲ್ಲೇ ಬೆಂಚಿತ್ತು. ಮಾವ ಸಾಲಿನಲ್ಲೇ ನಿಂತರು.