ಐದು ನಿಮಿಷದ ಭೇಟಿಗೆ ನಲವತ್ತು ಲೀಟರ್ ಡೀಸೆಲ್

ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿ ಸೇರುತ್ತದೆ. ನನಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. ಕುದುರೆಮುಖದ ಕಾಡಿನ ನಡುವೆ ರಸ್ತೆ ಅಗಲ ಮಾಡಬೇಡಿ ಎಂದು ಅರ್ಜಿ ಬರೆದವರಲ್ಲಿ ನಾನೂ ಒಬ್ಬ. ಶಾಲೆಗಳಿಗೆ ಹೋಗಿ ಇದೇ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ಮಕ್ಕಳಿಗೆ ತೋರಿಸಿದ್ದೇನೆ. ಆದರೆ ಅಪ್ಪನ ವಿಷಯದಲ್ಲಿ ವರ್ಷಗಟ್ಟಲೆ ಆ ಲೆಕ್ಕ ಹಾಕಲೇ ಇಲ್ಲ.

ಅಪ್ಪನಿಗೆ ಬಿ.ಪಿ., ಜೊತೆಗೆ ಸಕ್ಕರೆ ಕಾಯಿಲೆ. ಮೂರು ತಿಂಗಳಿಗೊಮ್ಮೆ ಬೆಂಗಳೂರಿನ ದೊಡ್ಡ ಡಾಕ್ಟರಿಗೇ ತೋರಿಸಬೇಕೆಂಬುದು ನನ್ನ ಹಟ. ಶೃಂಗೇರಿ ಸೀಮೆಯ ನಮ್ಮೂರಿಂದ ರಾತ್ರಿ ಊಟ ಮುಗಿಸಿ ಬಾಡಿಗೆ ಕಾರಿನಲ್ಲಿ ಹೊರಟರೆ ಬಾಳೆಹೊನ್ನೂರು, ಚಿಕ್ಕಮಗಳೂರು, ಹಾಸನ ದಾಟಿ ಬೆಳಗಿನ ಜಾವಕ್ಕೆ ಬೆಂಗಳೂರು. ಹೋಗಿಬರಲು 650 ಕಿಲೋಮೀಟರಿಗೆ ಕಡಿಮೆಯಿಲ್ಲ. ಲೀಟರಿಗೆ ಹದಿನೈದು ಕಿಲೋಮೀಟರ್ ಓಡುವ ಕಾರಾದರೂ ನಲವತ್ತಕ್ಕೂ ಹೆಚ್ಚು ಲೀಟರ್ ಬೇಕು. ಅಂದರೆ ಒಂದು ಭೇಟಿಗೆ ನೂರು ಕಿಲೋ ದಾಟುವ ಇಂಗಾಲದ ಡೈಆಕ್ಸೈಡ್. ಊರಿನ ಲ್ಯಾಬಿನ ರಿಪೋರ್ಟನ್ನು ಡಾಕ್ಟರು ತಿರುವಿ ಹಾಕುತ್ತಿದ್ದರು, ಅಪ್ಪನ ಪಾದದ ಮೇಲೆ ಹೆಬ್ಬೆರಳೊತ್ತಿ ಬಾವು ಇದೆಯೇ ನೋಡುತ್ತಿದ್ದರು, "ಅದೇ ಮಾತ್ರೆ ಮುಂದುವರಿಸಿ" ಅನ್ನುತ್ತಿದ್ದರು. ಐದು ನಿಮಿಷ. "ಇಷ್ಟು ಹೇಳಿಸ್ಕೊಳ್ಳೋಕೆ ಇಲ್ಲಿವರೆಗೂ ಬರ್ಬೇಕಿತ್ತೇನೋ ಮಾರಾಯ?" ಎಂದು ಅಪ್ಪ ಕೇಳಿದ್ದುಂಟು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಒಮ್ಮೆ ಹೀಗೆ ಹೋದಾಗ ಬಿ.ಪಿ. ವಿಪರೀತ ಏರಿತ್ತು. ರಾತ್ರಿಯಿಡೀ ಅವರು ಕಣ್ಣು ಮುಚ್ಚಿರಲಿಲ್ಲ, ತಿರುವುಗಳಲ್ಲಿ ವಾಂತಿಯಾಗಿತ್ತು, ಬೆಳಗಿನ ಮಾತ್ರೆಯೂ ತಪ್ಪಿತ್ತು. ಇದನ್ನು ಡಾಕ್ಟರಿಗೆ ಹೇಳಬೇಕಾದವನು ನಾನು, ಹೇಳಲಿಲ್ಲ. ಮಾತ್ರೆಯ ಪ್ರಮಾಣ ಹೆಚ್ಚಾಯಿತು. ಮನೆಗೆ ಬಂದ ವಾರದೊಳಗೆ ಅಪ್ಪ ಕೊಟ್ಟಿಗೆಯ ಮೆಟ್ಟಿಲ ಬಳಿ ತಲೆ ತಿರುಗಿ ಬಿದ್ದರು.

ಊರಿನ ಉಪಕೇಂದ್ರದ ಆರೋಗ್ಯಾಧಿಕಾರಿ, ಚಿಕ್ಕ ವಯಸ್ಸಿನ ಹುಡುಗಿ, ಅಪ್ಪನನ್ನು ಮೊದಲು ಸುಮ್ಮನೆ ಕೂರಿಸಿದಳು. ಆಮೇಲೆ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದಳು. ಮಲಗಿದಾಗ, ಎದ್ದು ನಿಂತಾಗ ಮತ್ತೆ ನೋಡಿ ಬರೆದುಕೊಂಡಳು. ಸರ್ಕಾರದ ದೂರವೈದ್ಯಕೀಯ ಸೇವೆಯಾದ ಇ-ಸಂಜೀವಿನಿಯಲ್ಲಿ ವಿಡಿಯೋ ಕರೆ ಮಾಡಿ ವೈದ್ಯರೊಬ್ಬರಿಗೆ ಆ ಅಂಕಿಗಳನ್ನು ತೋರಿಸಿದಳು. ಅವರು ಅಪ್ಪನನ್ನು ನೇರವಾಗಿ ಮಾತಾಡಿಸಿ ಮಾತ್ರೆ ಇಳಿಸಿದರು. ಖರ್ಚಿಲ್ಲ, ಡೀಸೆಲ್ ಇಲ್ಲ. ಅಪ್ಪ ನಡೆದೇ ಮನೆಗೆ ಬಂದರು.

ದೂರದಿಂದಲೇ ವೈದ್ಯರಿಗೆ ತೋರಿಸುವ ಸೌಲಭ್ಯ ನಿನ್ನೆ ಮೊನ್ನೆಯದಲ್ಲ. ಎರಡು ದಶಕದ ಹಿಂದೆಯೇ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾಸ್ಪತ್ರೆ ಬೆಂಗಳೂರಿನ ಹೃದ್ರೋಗ ತಜ್ಞರ ಜೊತೆ ಜೋಡಣೆಯಾಗಿತ್ತು. 2020ರ ಮಾರ್ಚಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ದೂರವೈದ್ಯಕೀಯಕ್ಕೆ ಸ್ಪಷ್ಟ ನಿಯಮಾವಳಿಯನ್ನೇ ಹೊರಡಿಸಿತು. ರೋಗಿಯನ್ನು ಮುಖತಃ ನೋಡಲೇಬೇಕೇ ಎಂಬ ತೀರ್ಮಾನವನ್ನು ಅದು ವೈದ್ಯರಿಗೆ ಬಿಟ್ಟಿದೆ. ಇಷ್ಟೆಲ್ಲ ಇದ್ದೂ, ಫೋನಿನಲ್ಲಿ ತೋರಿಸುವುದೆಂದರೆ ಅಪ್ಪನನ್ನು ಅಸಡ್ಡೆ ಮಾಡಿದಂತೆ ಎಂದು ನಾನು ನಂಬಿದ್ದೆ. ದೂರ ಹೋದಷ್ಟೂ ಕಾಳಜಿ ಹೆಚ್ಚು ಎಂಬ ಭಾವನೆ ಮಲೆನಾಡಿನ ಹಲವು ಮನೆಗಳಲ್ಲಿದೆ, ನನ್ನಲ್ಲೂ ಬೇರುಬಿಟ್ಟಿತ್ತು.

ಎಲ್ಲ ಕಾಯಿಲೆಗೂ ಫೋನಿನ ಭೇಟಿ ಸಲ್ಲದು. ಎದೆನೋವು, ಹೊಸದಾಗಿ ಕಂಡ ಗಂಟು, ಉಸಿರಾಟದ ತೊಂದರೆ ಎಂದರೆ ಆಸ್ಪತ್ರೆಗೆ ಓಡಲೇಬೇಕು. ವಿಡಿಯೋ ಕರೆಗೂ ವಿದ್ಯುತ್ ಬೇಕು ನಿಜ, ಆದರೆ ನೂರು ಕಿಲೋ ಹೊಗೆಯೆದುರು ಅದು ಲೆಕ್ಕಕ್ಕೇ ಬಾರದು. ಪರಿಸರಕ್ಕೆ ಲಾಭ ಸಿಗುವುದು ಕರೆ ಪ್ರಯಾಣವನ್ನು ತಪ್ಪಿಸಿದಾಗ ಮಾತ್ರ. ಫೋನಿನಲ್ಲೂ ತೋರಿಸಿ, ಸಮಾಧಾನಕ್ಕೆಂದು ಕಾರನ್ನೂ ಹತ್ತಿದರೆ ಏನೂ ಉಳಿಯದು.

ಈಗ ಅಪ್ಪ ವರ್ಷಕ್ಕೊಮ್ಮೆ ಮಾತ್ರ ಬೆಂಗಳೂರಿಗೆ ಹೋಗುತ್ತಾರೆ, ಅದೂ ಹಗಲು ಬಸ್ಸಿನಲ್ಲಿ. ಉಳಿದದ್ದೆಲ್ಲ ಉಪಕೇಂದ್ರದಲ್ಲೇ. ಅಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ, ಮಳೆಗಾಲದಲ್ಲಿ ಕರೆಂಟೇ ಇರುವುದಿಲ್ಲ. ರಸ್ತೆ ಅಗಲೀಕರಣದ ವಿರುದ್ಧ ಅರ್ಜಿ ಬರೆಯುವ ನಾವು, ಉಪಕೇಂದ್ರಕ್ಕೊಂದು ಬ್ಯಾಟರಿ, ಒಳ್ಳೆಯ ಇಂಟರ್ನೆಟ್ ಲೈನ್ ಕೊಡಿ ಎಂದೂ ಪಂಚಾಯ್ತಿಗೆ ಬರೆಯೋಣ. ಮುಂದಿನ ಸಲ ಡಾಕ್ಟರು "ಮೂರು ತಿಂಗಳು ಬಿಟ್ಟು ಬನ್ನಿ" ಎಂದಾಗ, "ರಿಪೋರ್ಟ್ ಫೋನಿನಲ್ಲೇ ತೋರಿಸಬಹುದಾ ಸಾರ್?" ಎಂದು ದಯವಿಟ್ಟು ಕೇಳಿ.