ಹಸಿ ಹಚ್ಚೆ, ಬಿಸಿ ಹಂಚು

ಕೊಪ್ಪಳದ ಗವಿಮಠದ ಬೆಟ್ಟವನ್ನೇರಿದವರು ಬಂಡೆಯ ಮೇಲೆ ಕೊರೆದ ಅಶೋಕನ ಶಾಸನವನ್ನು ನೋಡದೆ ಇಳಿಯುವುದಿಲ್ಲ. ಸಮೀಪದ ಪಾಲ್ಕಿಗುಂಡಿನಲ್ಲಿಯೂ ಅಂಥದೇ ಇನ್ನೊಂದಿದೆ. ಕವಿರಾಜಮಾರ್ಗಕಾರನು ತಿರುಳ್ಗನ್ನಡದ ಸೀಮೆಯನ್ನು ಗುರುತಿಸುವಾಗ ಕೊಪಣವನ್ನು ಹೆಸರಿಸಿದನೆಂಬುದನ್ನು ಕನ್ನಡ ಓದಿದವರೆಲ್ಲ ಬಲ್ಲರು. ಇಂಥ ನಾಡಿನಲ್ಲಿ ಕಲ್ಲಿನ ಮೇಲಿನ ಬರಹಕ್ಕೆ ಕಾವಲುಗಾರರುಂಟು. ಹೆಣ್ಣುಮಕ್ಕಳ ಮುಂಗೈ ಮೇಲಿನ ಬರಹ ಮಾತ್ರ ಹೊತ್ತವರೊಡನೆಯೇ ಮಣ್ಣು ಸೇರುತ್ತಿದೆ.

ಪುಷ್ಯಮಾಸದ ಗವಿಸಿದ್ಧೇಶ್ವರ ಜಾತ್ರೆಗೆ ಸುತ್ತಲಿನ ಹಳ್ಳಿಗಳಿಂದ ದಾಸೋಹಕ್ಕೆಂದು ಜೋಳದ ರೊಟ್ಟಿಗಳು ಬಂಡಿಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ ಬಂದು ಬೀಳುತ್ತವೆ. ಆ ರಾಶಿಯ ಮುಂದೆ ನಿಂತಾಗ ನನಗೆ ಹೊಳೆದದ್ದು ಒಂದು ವಿನೋದ. ಹಾಲು, ಬೆಣ್ಣೆ, ಮೊಟ್ಟೆ, ಜೇನು ಯಾವುದೂ ಸೇರದ ಆಹಾರಕ್ಕೆ ಇಂಗ್ಲೆಂಡಿನ ಕೆಲವರು 1944ರಲ್ಲಿ ‘ವೀಗನ್’ ಎಂಬ ಹೆಸರನ್ನಿಟ್ಟರು. ಈಗ ಬೆಂಗಳೂರಿನ ಅಂಗಡಿಗಳಲ್ಲಿ ಆ ಹೆಸರಿನ ಬ್ರೆಡ್ಡು, ಕೇಕುಗಳು ದುಬಾರಿ ಬೆಲೆಗೆ ಮಾರಾಟವಾಗುತ್ತವೆ. ಇಲ್ಲಿಯ ರೊಟ್ಟಿಗೆ ಹಿಟ್ಟು, ನೀರು, ಬೆಂಕಿ ಈ ಮೂರರ ಹೊರತು ಬೇರೇನೂ ಬೇಡ. ಹಾಗೆಂದು ಇದು ವ್ರತಸ್ಥರ ನಾಡೆಂದು ಭಾವಿಸಬೇಡಿ. ಎಮ್ಮೆಯ ಗಟ್ಟಿ ಮೊಸರೆಂದರೆ ಇಲ್ಲಿಯವರಿಗೆ ಪ್ರಾಣ. ಹಾಲಿಲ್ಲದ ರೊಟ್ಟಿ ಹುಟ್ಟಿದ್ದು ತತ್ತ್ವದಿಂದಲ್ಲ, ಮಳೆ ಕಡಿಮೆಯಾದ ಹೊಲದಿಂದ.

ಅದೇ ಜಾತ್ರೆಯ ಬೀದಿಯಲ್ಲಿ ಹಚ್ಚೆಯ ಅಂಗಡಿಗಳೂ ಇದ್ದವು. ಕೈಯಲ್ಲಿ ಹಿಡಿಯುವ ಪುಟ್ಟ ಯಂತ್ರ, ಜೇನ್ನೊಣದಂತೆ ಗುಂಯ್‌ಗುಡುವ ಸೂಜಿ. ಅಮೆರಿಕದ ಸ್ಯಾಮ್ಯುಯೆಲ್ ಓ’ರೈಲಿ 1891ರಲ್ಲಿ ಹಕ್ಕುಪತ್ರ ಪಡೆದ ವಿದ್ಯುತ್ ಯಂತ್ರದ ಮೊಮ್ಮಗುವಿದು. ಇದಕ್ಕೆ ಮುಂಚೆ ಆ ಕೆಲಸ ಕೊರವಂಜಿಯರದಾಗಿತ್ತು. ದೀಪದ ಕಾಡಿಗೆಯನ್ನು ಸೊಪ್ಪಿನ ರಸದಲ್ಲಿ ಕಲಸಿ, ಸೂಜಿಗಳನ್ನು ಕಟ್ಟಾಗಿ ಹಿಡಿದು, ಹಾಡುತ್ತ ಚುಚ್ಚುತ್ತಿದ್ದರು. ಹಳಗನ್ನಡದ ‘ಪಚ್ಚೆ’ಯೇ ಹೊಸಗನ್ನಡದಲ್ಲಿ ‘ಹಚ್ಚೆ’ಯಾಗಿದೆ. ಕಾಡಿಗೆ ಕಪ್ಪಾದರೂ ತೊಗಲಿನಡಿ ಹಸಿರಾಗಿ ಕಾಣುವುದೆಂಬುದನ್ನು ನಮ್ಮ ಭಾಷೆ ಎಂದೋ ಕಂಡುಕೊಂಡಿತ್ತು. ಆ ಮಸಿ ಉಳಿಯುವ ಬಗೆಯೂ ಸೋಜಿಗವೇ. ಮೇಲ್ಚರ್ಮದ ಕೆಳಗೆ ಇಳಿದ ಕಣಗಳನ್ನು ದೇಹದ ಕಾವಲು ಜೀವಕೋಶಗಳು ನುಂಗಿ ಹಿಡಿದುಕೊಳ್ಳುತ್ತವೆ. ಅವು ಸತ್ತರೆ ಬೇರೆ ಕೋಶಗಳು ಅದೇ ಮಸಿಯನ್ನು ನುಂಗುತ್ತವೆ.

ಜಾತ್ರೆ ಮುಗಿದ ಮೂರನೆಯ ದಿನ ಯಲಬುರ್ಗಾದ ಕಡೆ ಹೊರಟೆ. ದಾರಿಯಲ್ಲಿ ಕುಕನೂರಿನ ಬಳಿ ಇಟಗಿಯ ಮಹಾದೇವ ದೇಗುಲ; ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ್ದು. ಅದರ ಸೊಬಗನ್ನು ಬಲ್ಲವರು ಬರೆದಿದ್ದಾರೆ, ನಾನು ಮುಂದೆ ಹೋಗುತ್ತೇನೆ. ಎರೆಹೊಲಗಳಲ್ಲಿ ಬಿಳಿಜೋಳ ತೆನೆ ಬಾಗಿ ನಿಂತಿತ್ತು.

ನಾನು ಇಳಿದುಕೊಂಡ ಮನೆ ರೊಟ್ಟಿ ಮಾರಿ ಬದುಕುವವರದು. ಅತ್ತೆ, ಸೊಸೆ, ಬಿ.ಎ. ಓದುವ ಮೊಮ್ಮಗಳು. ರೊಟ್ಟಿಯ ಹಣವೇ ಹುಡುಗಿಯ ಪರೀಕ್ಷಾ ಶುಲ್ಕ. ಮರುದಿನಕ್ಕೆ ಗಂಗಾವತಿಯ ಮದುವೆ ಮನೆಯೊಂದಕ್ಕೆ ಮುನ್ನೂರು ಖಡಕ್ ರೊಟ್ಟಿ ಒಪ್ಪಿಸಬೇಕಾಗಿತ್ತು. ಹುಡುಗಿಯೋ ಜಾತ್ರೆಯಲ್ಲಿ ಬಲಗೈಗೆ ಹಚ್ಚೆ ಹಾಕಿಸಿಕೊಂಡು ಬಂದಿದ್ದಳು. ಬರೆಸಿದ್ದು ಎರಡೇ ಅಕ್ಷರ: ‘ಅವ್ವ’. ಅದರಿಂದ ಅವ್ವನ ಸಿಟ್ಟೇನೂ ಇಳಿದಿರಲಿಲ್ಲ. ಕೈ ಕೆಂಪಗೆ ಊದಿತ್ತು. ಆದರೂ ತಪ್ಪಿತಸ್ಥಳಂತೆ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು.

ಅಜ್ಜಿ ಅದನ್ನು ಕಂಡಳು. “ಏಳವ್ವ ಮ್ಯಾಲೆ. ಹಚ್ಚಿ ಹಸೀ ಇದ್ದಾಗ ಬೆಂಕೀ ಮುಂದ ಕುಂಡ್ರಬಾರದು. ನಮಗ ಐದು ದಿನಾ ರೊಟ್ಟಿ ಬಡ್ಯಾಕ ಬಿಡ್ತಿರಲಿಲ್ಲ.”

“ಮುನ್ನೂರು ರೊಟ್ಟಿ ಒಬ್ಬಾಕಿ ಕೈಲೆ ಆಗ್ತಾವೇನ್ರಿ ಅತ್ತಿ?” ಎಂದಳು ಸೊಸೆ.

“ಹಂಗಾರ ನಾ ಕುಂಡ್ರತೀನಿ.”

ಎಂಬತ್ತರ ಹತ್ತಿರದ ಆ ಮುದುಕಿ ಸೆರಗು ಸಿಕ್ಕಿಸಿ ಕುಳಿತೇಬಿಟ್ಟಳು. ಜೋಳಕ್ಕೆ ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟಿಲ್ಲ. ಆದ್ದರಿಂದ ಕುದಿವ ಎಸರಿನಲ್ಲಿ ಹಿಟ್ಟನ್ನು ಕಲಸಿ, ಬಿಸಿಯಿರುವಾಗಲೇ ನಾದಿ ಜಿಗಿ ಬರಿಸಬೇಕು. ಬಡಿದು ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿ, ಅದು ಆರುವಷ್ಟರಲ್ಲಿ ತಿರುವಬೇಕು. ಖಡಕ್ ಆಗಬೇಕಾದರೆ ಬೆಂದ ರೊಟ್ಟಿಯನ್ನು ಒಲೆಯ ಕಾವಿಗೆ ಒರಗಿಸಿ ಒಣಗಿಸಬೇಕು. ಅವಳ ಮುಂಗೈ ಮೇಲಿನ ತೊಟ್ಟಿಲು, ಚೇಳು, ಚುಕ್ಕಿಗಳು ಹಿಟ್ಟಿನ ಧೂಳಿನಲ್ಲಿ ಮರೆಯಾಗುತ್ತ, ಬೆವರಿಗೆ ಮತ್ತೆ ಕಾಣುತ್ತ ಇದ್ದವು. ಒಡವೆಯೆಲ್ಲ ಇಲ್ಲೇ ಉಳಿಯುತ್ತದೆ, ಹಚ್ಚೆಯೊಂದೇ ಸಂಗಡ ಬರುತ್ತದೆ ಎಂಬುದು ಆ ತಲೆಮಾರಿನ ನಂಬಿಕೆ.

ಅಜ್ಜಿಯ ವೈದ್ಯವನ್ನೆಲ್ಲ ನಾನು ಒಪ್ಪಲಾರೆ. ಹಸಿ ಗಾಯಕ್ಕೆ ಅಡಿಗೆಮನೆಯ ಅರಿಸಿನ, ಔಡಲೆಣ್ಣೆ ಮೆತ್ತುವುದರಿಂದ ನಂಜೇರುವ ಭಯವುಂಟು. ಶುದ್ಧ ನೀರು, ಸೌಮ್ಯವಾದ ಸಾಬೂನಿನಿಂದ ದಿನಕ್ಕೆರಡು ಸಲ ತೊಳೆದು, ಒರಸದೆ ಒತ್ತಿ ಆರಿಸಿ, ತೆಳ್ಳಗೆ ಮುಲಾಮು ಹಚ್ಚುವುದು ಲೇಸು. ಎರಡು ಮೂರು ವಾರ ಬಿಸಿಲು ತಾಗಬಾರದು, ಕೆರೆ ಕಾಲುವೆಗಳಲ್ಲಿ ಮುಳುಗಬಾರದು, ಹಕ್ಕಳೆಯನ್ನು ಕೆರೆಯಬಾರದು. ಕೆಂಪು ಹರಡಿದರೆ, ಕೀವು ಜ್ವರ ಕಂಡರೆ ಆಸ್ಪತ್ರೆಗೆ ಹೋಗಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಒಬ್ಬರಿಗೆ ಚುಚ್ಚಿದ ಸೂಜಿ ಮತ್ತೊಬ್ಬರಿಗೆ ತಾಗಲೇಬಾರದು. ಕಾಮಾಲೆಯ ಬಿ ಮತ್ತು ಸಿ ಸೋಂಕುಗಳೂ ಎಚ್‌ಐವಿಯೂ ರಕ್ತದ ದಾರಿಯಿಂದಲೂ ಬರುತ್ತವೆ. ಈ ವಿಷಯದಲ್ಲಿ ಕೊರವಂಜಿಯ ಕಾಲವನ್ನು ಹೊಗಳುವುದಕ್ಕೂ ಎಡೆಯಿಲ್ಲ, ಅವಳ ಸೂಜಿಯೂ ಮನೆಯಿಂದ ಮನೆಗೆ ನಡೆದದ್ದೇ. ಆದರೆ ಐದು ದಿನದ ಬಿಡುವು? ಹೊಗೆ, ಕಾವು, ಬೆವರು, ಹಿಟ್ಟುಗಳಿಂದ ಗಾಯವನ್ನು ದೂರವಿರಿಸುವ ಅದಕ್ಕಿಂತ ಒಳ್ಳೆಯ ಆರೈಕೆ ಯಾವುದು? ವರ್ಷವಿಡೀ ಒಲೆ ಬಿಡದ ಹೆಣ್ಣಿಗೆ ಆ ಬಿಡುವು ದೊರೆಯುತ್ತಿದ್ದುದು ಚುಚ್ಚಿಸಿಕೊಂಡ ನೋವಿನ ಬೆಲೆಗೆ ಎಂಬುದನ್ನೂ ನೆನೆಯಬೇಕು.

ರಾತ್ರಿ ಹನ್ನೊಂದರ ಹೊತ್ತಿಗೆ ಸೊಸೆಯೇ ಅತ್ತೆಯ ತೋಳು ಹಿಡಿದು ಎಬ್ಬಿಸಿದಳು. ಹುಡುಗಿ ಎಡಗೈಯಿಂದ ಎಣಿಸಿ, ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿದಳು.

ಮರುದಿನ ಆ ಗಂಟುಗಳೊಡನೆ ಸೊಸೆಯೂ ನಾನೂ ಒಂದೇ ಬಸ್ಸಿನಲ್ಲಿ ಕುಳಿತೆವು. ಕುಷ್ಟಗಿಯ ಮಸಾರಿ ನೆಲ ಸಜ್ಜೆಯದು. ಚಳಿಗಾಲದಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ರುಚಿಯನ್ನು ಉಂಡವರೇ ಬಲ್ಲರು. ತಾವರಗೇರಾ, ಕನಕಗಿರಿ ದಾಟಿ ಗಂಗಾವತಿಯನ್ನು ಸಮೀಪಿಸುತ್ತಲೇ ನಾಡಿನ ಬಣ್ಣ ಬದಲಾಗುತ್ತದೆ. 1953ರಲ್ಲಿ ಮುನಿರಾಬಾದಿನ ಬಳಿ ತುಂಗಭದ್ರೆ ತಡೆದು ನಿಂತ ಮೇಲೆ ಎಡದಂಡೆಯ ಕಾಲುವೆ ಈ ಸೀಮೆಯನ್ನು ಭತ್ತದ ಕಣಜವಾಗಿಸಿತು. ಆಂಧ್ರದಿಂದ ಬಂದ ಒಕ್ಕಲಿಗರ ‘ಕ್ಯಾಂಪು’ಗಳೆದ್ದವು, ಊಟದ ತಟ್ಟೆಯಲ್ಲಿ ಅನ್ನ ನಡುವಿಗೆ ಬಂದಿತು.

ಮದುವೆ ಮನೆಯ ಯಜಮಾನ ಗಂಟು ಬಿಚ್ಚಿ ಒಂದು ರೊಟ್ಟಿಯನ್ನು ಮುರಿದು ನೋಡಿದ. ಅದು ಟಳ್ಳೆಂದಿತು. “ಇದು ಮುದುಕೀ ಕೈದು ಐತಿ ನೋಡ್ರಿ, ಅಂಚು ತೆಳ್ಳಗದ,” ಎಂದ. ಸೊಸೆ ಏನೂ ಹೇಳದೆ ಹಣ ಎಣಿಸಿಕೊಂಡು, ದಾರಿಯಲ್ಲಿ ಔಷಧಿ ಅಂಗಡಿಯ ಮುಂದೆ ನಿಂತು, ಹಚ್ಚೆಯ ಗಾಯಕ್ಕೆ ಯಾವ ಮುಲಾಮು ಕೊಡುವಿರೆಂದು ಕೇಳಿದಳು.