ಕರುಳಿನ ಕ್ರಿಯಾಪದ

ಬೈಬಲ್ಲಿನ ಹೊಸ ಒಡಂಬಡಿಕೆಯನ್ನು ಬರೆದದ್ದು ಗ್ರೀಕಿನಲ್ಲಿ. ಅದರಲ್ಲಿ ‘ಸ್ಪ್ಲಾಂಖ್ನಿಜೊಮಾಯ್’ ಅಂತ ಒಂದು ಕ್ರಿಯಾಪದ ಇದೆ. ನಾಲಿಗೆ ಹೊರಳದ ಮಾತು, ಆದರೆ ಅರ್ಥ ಮಾತ್ರ ನಮ್ಮ ಕೇರಿಯ ಅವ್ವಂದಿರಿಗೆಲ್ಲ ಗೊತ್ತಿರುವಂಥದ್ದು. ‘ಸ್ಪ್ಲಾಂಖ್ನ’ ಎಂದರೆ ಮೈಯೊಳಗಿನ ಅಂಗಗಳು: ಗುಂಡಿಗೆ, ಈಲಿ, ಕರುಳು. ಹಳೆಯ ಗ್ರೀಕರು ಬಲಿ ಕೊಟ್ಟಾಗ ಇವನ್ನೇ ಸಲಾಕೆಗೆ ಚುಚ್ಚಿ ಸುಟ್ಟು, ಬಲಿಯ ಹತ್ತಿರ ನಿಂತವರು ಮೊದಲು ತಿನ್ನುತ್ತಿದ್ದರು. ಅದು ಮರ್ಯಾದೆಯ ಪಾಲು. ನಮ್ಮಲ್ಲಿ ಬೋಟಿ ತಿನ್ನುವವರಿಗೆ ಎಂಥ ಮರ್ಯಾದೆ ಸಿಕ್ಕಿದೆ ಅನ್ನೋದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಮಕ್ಕಬಿಯರ ಎರಡನೆಯ ಪುಸ್ತಕದಲ್ಲಿ ಇದೇ ಕ್ರಿಯಾಪದಕ್ಕೆ ಬಲಿಯ ಒಳಾಂಗ ತಿನ್ನುವುದು ಅಂತಲೇ ಅರ್ಥ. ಸುವಾರ್ತೆಗಳಿಗೆ ಬರುವಷ್ಟರಲ್ಲಿ ಅದು ಬದಲಾಗಿ, ಇನ್ನೊಬ್ಬರ ನೋವು ಕಂಡು ಕರುಳು ಮಿಡಿಯುವುದಾಯಿತು. ಮತ್ತಾಯ, ಮಾರ್ಕ, ಲೂಕ ಈ ಮೂವರಲ್ಲಿ ಸೇರಿ 12 ಸಲ ಬರುತ್ತದೆ. ಕ್ರಿಯಾಪದವಾಗಿ ಹೊಸ ಒಡಂಬಡಿಕೆಯಲ್ಲಿ ಬೇರೆಲ್ಲೂ ಇಲ್ಲ. ಇದರ ಹಿಂದೆ ಹೀಬ್ರೂ ಕೂಡ ಇದ್ದೀತು. ಆ ಭಾಷೆಯಲ್ಲಿ ‘ರೆಹೆಮ್’ ಅಂದರೆ ಬಸಿರ ಚೀಲ, ‘ರಹಮಿಮ್’ ಅಂದರೆ ಅಂತಃಕರಣ. ನಾವು ಹೆತ್ತ ಕರುಳು ಅನ್ನುತ್ತೇವಲ್ಲ, ಹಾಗೆ.

ಕನ್ನಡ ಬೈಬಲ್ಲು ಇದನ್ನು ‘ಕನಿಕರಪಟ್ಟನು’ ಎಂದು ಮಾಡಿದೆ. ತಪ್ಪೇನಲ್ಲ. ಆದರೆ ನಮಗೆ ಈ ಕನಿಕರದ ಮೇಲೆ ಗುಮಾನಿ ಇದೆ. ಕನಿಕರ ಜಗುಲಿಯ ಮೇಲೆ ಕೂತು ಅಂಗಳದಲ್ಲಿ ನಿಂತವನ ಕಡೆ ನೋಡುತ್ತದೆ. ಮನಸ್ಸಿದ್ದರೆ ತೋರಿಸಬಹುದು, ಇಲ್ಲದಿದ್ದರೆ ಬಾಗಿಲು ಹಾಕಿಕೊಳ್ಳಬಹುದು. ಕರುಳು ಹಾಗಲ್ಲ, ಅದು ಯಜಮಾನನ ಅಪ್ಪಣೆ ಕೇಳೋದಿಲ್ಲ. ಗ್ರೀಕಿನಲ್ಲೂ ಈ ಪದದ ರೂಪ ಕರ್ಮಣಿಯಂತಿದೆ, ತಾನಾಗಿ ಮಾಡಿದ್ದಕ್ಕಿಂತ ತನಗೆ ಆದದ್ದು ಎಂಬ ಹಾಗೆ. ‘ಅವನಿಗೆ ಕರುಳು ಚುರ್ ಅಂತು’ ಎಂದು ನಮ್ಮ ಜನ ಹೇಳುವ ವಾಕ್ಯದ ಕಟ್ಟು ಇದಕ್ಕೆ ತೀರ ಹತ್ತಿರ.

ಲೂಕನ 10ನೆಯ ಅಧ್ಯಾಯ ನೋಡಿ. ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿಯಲ್ಲಿ ಒಬ್ಬನನ್ನು ಕಳ್ಳರು ಬಡಿದು ಕೆಡವಿದ್ದಾರೆ. ಯಾಜಕ ಕಂಡ, ಆಚೆ ಮಗ್ಗುಲಿಂದ ಹೋದ. ಲೇವಿಯೂ ಅಷ್ಟೇ. ಯೆಹೂದ್ಯರು ಹೇವರಿಸುತ್ತಿದ್ದ ಸಮಾರ್ಯದವನು ಕಂಡ, ಅವನಿಗೆ ಈ ಕ್ರಿಯಾಪದ ಆಯಿತು. ಕತೆ ಮುಗಿಸಿ, ಆ ಮೂವರಲ್ಲಿ ನೆರೆಯವನಾದದ್ದು ಯಾರಪ್ಪಾ ಅಂತ ಯೇಸು ಕೇಳಿದಾಗ ಧರ್ಮಶಾಸ್ತ್ರಿಯ ಬಾಯಲ್ಲಿ ‘ಸಮಾರ್ಯದವನು’ ಅನ್ನುವ ಮಾತು ಹೊರಡಲಿಲ್ಲ. ದಯೆ ತೋರಿಸಿದವನು ಎಂದ. ಕರುಳಿನ ಪದವನ್ನೂ ಬಿಟ್ಟು ‘ಎಲೆಯೊಸ್’ ಎಂಬ ಬೇರೆ, ಗೌರವಸ್ಥ ಪದ ಹಿಡಿದ. ಶಾಸ್ತ್ರ ಓದಿದವರ ಈ ಜಾಣ್ಮೆ ನಮಗೆ ಹೊಸದಲ್ಲ. ಒಳ್ಳೇದನ್ನು ಒಪ್ಪುತ್ತಾರೆ, ಮಾಡಿದವನ ಕುಲದ ಹೆಸರು ಮಾತ್ರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಇನ್ನು ಮಾರ್ಕನ ಮೊದಲ ಅಧ್ಯಾಯ. ಕುಷ್ಠದವನೊಬ್ಬ ಬಂದು ಮೊಣಕಾಲೂರಿದ. (ಅದು ಇವತ್ತು ನಾವು ಕುಷ್ಠ ಅನ್ನುವ ರೋಗವೇ ಅಂತ ಹೇಳಲಾಗದು. ಹಲವು ಚರ್ಮರೋಗಗಳಿಗೆ ಅದೇ ಹೆಸರಿತ್ತು.) ಅಂಥವನು ಹರಿದ ಬಟ್ಟೆ ಉಟ್ಟು, ತಾನು ಮೈಲಿಗೆ ಅಂತ ತಾನೇ ಕೂಗಿಕೊಂಡು, ಪಾಳೆಯದ ಹೊರಗೆ ಒಂಟಿಯಾಗಿ ಬದುಕಬೇಕು ಎಂದು ಯಾಜಕಕಾಂಡದ 13ನೆಯ ಅಧ್ಯಾಯದ ಕಟ್ಟಳೆ. ಓದುವಾಗ ನಮಗೆ ಭಾಷಾಂತರದ ಅಗತ್ಯವೇ ಬೀಳಲಿಲ್ಲ. ಅಲ್ಲಿ ಯೇಸುವಿಗೆ ಕರುಳು ಚುರ್ ಎಂದಿತು ಅಂತ ಹೆಚ್ಚಿನ ಹಸ್ತಪ್ರತಿಗಳಲ್ಲಿದೆ. ಆದರೆ 5ನೆಯ ಶತಮಾನದ ಸುಮಾರಿನದೆಂದು ಎಣಿಸುವ ಬೇಜಾ ಹಸ್ತಪ್ರತಿಯಲ್ಲಿ, 1581ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ಸೇರಿದ ಪ್ರತಿ ಅದು, ಬೇರೆ ಪದ ಇದೆ: ‘ಒರ್ಗಿಸ್ಥೆಯಿಸ್’, ಸಿಟ್ಟಾಗಿ. ಸಿಟ್ಟನ್ನು ಅಳಿಸಿ ಕರುಣೆ ಬರೆಯುವ ಲಿಪಿಕಾರ ಇರಬಹುದು, ಕರುಣೆ ಅಳಿಸಿ ಸಿಟ್ಟು ಬರೆಯುವವನು ಯಾಕಿರುತ್ತಾನೆ ಎಂಬುದು ಕೆಲವು ಪಂಡಿತರ ವಾದ. 2010ರಲ್ಲಿ ಬಂದ ಒಂದು ಗ್ರೀಕ್ ಪರಿಷ್ಕರಣ ಸಿಟ್ಟನ್ನೇ ಮೂಲವೆಂದು ಅಚ್ಚು ಹಾಕಿತು. ವಾದ ಇನ್ನೂ ತೀರಿಲ್ಲ.

ನಮಗಂತೂ ಎರಡು ಪಾಠಗಳಲ್ಲಿ ಒಂದನ್ನು ಆರಿಸುವ ಅವಸರವಿಲ್ಲ. ಹೊಟ್ಟೆಯಲ್ಲಿ ಸಂಕಟ, ಹೊಟ್ಟೆಯಲ್ಲೇ ಉರಿ. ಎರಡೂ ಒಂದೇ ಒಲೆಯವು. ಯಾವ ಪಾಠ ಹಿಡಿದರೂ ಮುಂದಿನ ಕೆಲಸ ಒಂದೇ: ಕೈ ಚಾಚಿ ಅವನನ್ನು ಮುಟ್ಟಿದ್ದು. ವಾಸಿಯಾದವನು ಹೋಗಿ ಎಲ್ಲೆಲ್ಲೂ ಸಾರಿದ. ಆಮೇಲೆ ಮುಟ್ಟಿದವನೇ ಬಹಿರಂಗವಾಗಿ ಊರೊಳಗೆ ಬರಲಾಗದೆ ಹೊರಗೆ, ಜನವಿಲ್ಲದ ಜಾಗಗಳಲ್ಲಿ ಉಳಿದ ಎಂದು ಮಾರ್ಕ ಬರೆದಿದ್ದಾನೆ. ಜನ ನಾಲ್ಕೂ ಕಡೆಯಿಂದ ಅಲ್ಲಿಗೇ ಬಂದರಂತೆ.